ಬಣ್ಣವಿಲ್ಲದ ಪರದೆ ಗೆದ್ದ ಬಗೆ



1989ರಲ್ಲಿ ಅಮೆರಿಕದ ಆಟಿಕೆ ಅಂಗಡಿಗಳಿಗೆ ಕೈಯಲ್ಲಿ ಹಿಡಿದು ಆಡುವ ಎರಡು ವಿಡಿಯೋ ಗೇಮ್ ಯಂತ್ರಗಳು ಕೆಲವೇ ತಿಂಗಳ ಅಂತರದಲ್ಲಿ ಬಂದವು. ಒಂದು ಅಟಾರಿ ಕಂಪನಿಯ ಲಿಂಕ್ಸ್. ಅದರ ಪರದೆಗೆ ಬಣ್ಣವಿತ್ತು, ಪರದೆಯ ಹಿಂದೆ ದೀಪವಿತ್ತು, ಕತ್ತಲಲ್ಲೂ ಆಡಬಹುದಿತ್ತು. ಎಡಚರು ಯಂತ್ರವನ್ನು ತಲೆಕೆಳಗು ಮಾಡಿ ಹಿಡಿದು ಚಿತ್ರವನ್ನೂ ತಿರುಗಿಸಿಕೊಳ್ಳುವ ಸೌಲಭ್ಯ ಬೇರೆ. ಇನ್ನೊಂದು ಜಪಾನಿನ ನಿಂಟೆಂಡೊ ಕಂಪನಿಯ ಗೇಮ್ ಬಾಯ್. ಬೂದು ಬಣ್ಣದ ದಪ್ಪ ಪೆಟ್ಟಿಗೆ. ಅದರ ಪರದೆಯೋ, ಹೆಸರುಕಾಳು ಬೇಯಿಸಿದ ನೀರಿನ ಬಣ್ಣ. ಅದರ ಮೇಲೆ ಕಪ್ಪುಹಸಿರಿನ ನಾಲ್ಕು ಛಾಯೆಗಳು, ಅಷ್ಟೇ. ದೀಪವಿಲ್ಲ. ಸಂಜೆಯಾದರೆ ಟ್ಯೂಬ್‌ಲೈಟಿನ ಕೆಳಗೆ ಹೋಗಿ ಕೂರಬೇಕು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಲಿಂಕ್ಸ್ ಗೆಲ್ಲುತ್ತದೆ ಎಂದೇ ಬಾಜಿ ಕಟ್ಟುತ್ತಿದ್ದರು. ಲಿಂಕ್ಸ್ ಕೆಲವೇ ವರ್ಷಗಳಲ್ಲಿ ಅಂಗಡಿಗಳಿಂದ ಮಾಯವಾಯಿತು. ಗೇಮ್ ಬಾಯ್, ಅದರ ಬಣ್ಣದ ತಮ್ಮನೂ ಸೇರಿ, ಹನ್ನೊಂದು ಮುಕ್ಕಾಲು ಕೋಟಿಗೂ ಮೇಲೆ ಮಾರಾಟವಾಯಿತು. ಹೀಗೇಕಾಯಿತು ಎನ್ನುವುದೇ ನನ್ನ ಇವತ್ತಿನ ಮಾತು. ಏಕೆಂದರೆ ಕೈಯಾಟದ ಯಂತ್ರಗಳ ಚರಿತ್ರೆಯಲ್ಲಿ ಇದು ಒಂದು ಸಲ ನಡೆದು ಮುಗಿದದ್ದಲ್ಲ. ಹೆಚ್ಚು ಕಡಿಮೆ ಪ್ರತಿ ಹತ್ತು ವರ್ಷಕ್ಕೊಮ್ಮೆ ನಡೆದಿದೆ.

ಮೇಲುನೋಟದ ಕಾರಣ ಎರಡು. ಬೆಲೆ ಮೊದಲನೆಯದು. ಗೇಮ್ ಬಾಯ್‌ಗೆ ತೊಂಬತ್ತು ಡಾಲರು, ಲಿಂಕ್ಸ್‌ಗೆ ನೂರಾ ಎಂಬತ್ತು. ಎರಡನೆಯದು ಸೆಲ್ಲು. ಲಿಂಕ್ಸ್‌ಗೆ ಆರು ಪೆನ್ಸಿಲ್ ಸೆಲ್ ಹಾಕಬೇಕು, ನಾಲ್ಕೈದು ಗಂಟೆಯಲ್ಲಿ ಅವು ಸತ್ತಿರುತ್ತವೆ. ಗೇಮ್ ಬಾಯ್‌ಗೆ ನಾಲ್ಕು ಸಾಕು, ಅವು ಹದಿನೈದು ಗಂಟೆಗೆ ಮೋಸವಿಲ್ಲ. ಟ್ರಾನ್ಸಿಸ್ಟರ್ ಕಾಲದ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾರ್ತೆಯ ಹೊತ್ತಿಗೆ ದನಿ ಕುಗ್ಗಿದರೆ ಸೆಲ್ಲುಗಳನ್ನು ತೆಗೆದು ಜಗಲಿಯ ಬಿಸಿಲಿಗಿಟ್ಟು, ಇನ್ನೆರಡು ದಿನ ಬರಲಿ ಎಂದು ಆಸೆಪಟ್ಟ ಜನ ನಾವು. ಅಮೆರಿಕದ ತಾಯಂದಿರೂ ಅದೇ ಲೆಕ್ಕ ಹಾಕಿದರು. ಯಂತ್ರ ಕೊಳ್ಳುವುದು ಒಂದೇ ಸಲ, ಸೆಲ್ಲು ಕೊಳ್ಳುವುದು ಪ್ರತಿ ವಾರ.

ಆದರೆ ಈ ಬೆಲೆ, ಈ ಸೆಲ್ಲು, ಇವು ತಾವಾಗಿ ಒದಗಿ ಬಂದವಲ್ಲ. ಬಣ್ಣದ ಪರದೆ ನಿಂಟೆಂಡೊದವರಿಗೂ ಸಿಗುತ್ತಿತ್ತು. ಬೇಡ ಎಂದವರು ಒಬ್ಬರಿದ್ದರು. ಅವರ ಹೆಸರು ಗುನ್‌ಪೇ ಯೊಕೊಯ್.

ನಿಂಟೆಂಡೊ ಹುಟ್ಟಿದ್ದು 1889ರಲ್ಲಿ, ಕ್ಯೋಟೊ ನಗರದಲ್ಲಿ, ಹನಾಫುಡಾ ಎಂಬ ಹೂವಿನ ಚಿತ್ರದ ಇಸ್ಪೀಟೆಲೆ ಮಾಡುವ ಅಂಗಡಿಯಾಗಿ. ಯೊಕೊಯ್ ಅದೇ ಊರಿನವರು. ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿ 1965ರಲ್ಲಿ ಈ ಇಸ್ಪೀಟೆಲೆ ಕಂಪನಿ ಸೇರಿದರು. ಎಲೆ ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವ ಕೆಲಸ. ಯಂತ್ರಗಳು ಕೆಡದಿದ್ದರೆ ಮಾಡಲಿಕ್ಕೇನಿದೆ? ಹೊತ್ತು ಕಳೆಯಲು ಮರದ ಪಟ್ಟಿಗಳನ್ನು ಕತ್ತರಿಯಂತೆ ಹೆಣೆದು, ಹಿಡಿ ಒತ್ತಿದರೆ ಮುಂದಕ್ಕೆ ಚಾಚಿ ದೂರದ ವಸ್ತುವನ್ನು ಹಿಡಿಯುವ ಒಂದು ಕೈ ಮಾಡಿಕೊಂಡರು. ಅಧ್ಯಕ್ಷ ಹಿರೊಷಿ ಯಮೌಚಿಯವರ ಕಣ್ಣಿಗೆ ಅದು ಬಿತ್ತು. ಬೈಗುಳ ಬೀಳುತ್ತದೆ ಎಂದುಕೊಂಡಿದ್ದವರಿಗೆ ‘ಇದನ್ನೇ ಮಾರುವ ಆಟಿಕೆ ಮಾಡು’ ಎಂಬ ಆಜ್ಞೆ ಬಂತು. 1966ರಲ್ಲಿ ‘ಅಲ್ಟ್ರಾ ಹ್ಯಾಂಡ್’ ಎಂಬ ಹೆಸರಿನಲ್ಲಿ ಹೊರಬಂದ ಅದು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ರಿಪೇರಿಯವರು ಆಟಿಕೆ ಮಾಡುವವರಾದರು.

ಇತ್ತ ಅಮೆರಿಕದಲ್ಲಿ 1976-77ರ ಹೊತ್ತಿಗೆ ಮ್ಯಾಟೆಲ್ ಕಂಪನಿ ಕೈಯಲ್ಲಿ ಹಿಡಿಯುವ ಆಟಗಳನ್ನು ತಂದಿತ್ತು. ಒಂದರಲ್ಲಿ ಕಾರ್ ರೇಸ್, ಇನ್ನೊಂದರಲ್ಲಿ ಅಮೆರಿಕದ ಫುಟ್‌ಬಾಲ್. ಕಾರೂ ಆಟಗಾರರೂ ಎಲ್ಲ ಕೆಂಪು ಗೀಟುಗಳೇ. ಉಳಿದದ್ದನ್ನು ಆಡುವವರು ಊಹಿಸಿಕೊಳ್ಳಬೇಕು. ಒಂದು ಯಂತ್ರಕ್ಕೆ ಒಂದೇ ಆಟ. 1979ರಲ್ಲಿ ಮಿಲ್ಟನ್ ಬ್ರಾಡ್ಲಿ ಕಂಪನಿಗಾಗಿ ಜೇ ಸ್ಮಿತ್ ಎಂಬವರು ರೂಪಿಸಿದ ಮೈಕ್ರೊವಿಷನ್ ಬಂತು. ಆಟದ ಕಾರ್ಟ್ರಿಜ್ ಬದಲಾಯಿಸಬಹುದಾದ ಮೊದಲ ಕೈಯಂತ್ರ ಅದು. ಅಡ್ಡಕ್ಕೆ ಹದಿನಾರು, ಉದ್ದಕ್ಕೆ ಹದಿನಾರು, ಒಟ್ಟು 256 ಚುಕ್ಕೆಗಳ ಪರದೆ. ವಿಚಿತ್ರವೆಂದರೆ ಯಂತ್ರಕ್ಕೆ ಸ್ವಂತ ಬುದ್ಧಿಯೇ ಇರಲಿಲ್ಲ. ಲೆಕ್ಕ ಮಾಡುವ ಚಿಪ್ಪು ಪ್ರತಿ ಕಾರ್ಟ್ರಿಜ್‌ನೊಳಗೇ ಕೂತಿರುತ್ತಿತ್ತು. ಚಳಿಗಾಲದಲ್ಲಿ ರತ್ನಗಂಬಳಿಯ ಮೇಲೆ ನಡೆದು ಬಂದು ಮುಟ್ಟಿದರೆ ಮೈಯ ಸ್ಥಿರವಿದ್ಯುತ್ತಿಗೇ ಆ ಚಿಪ್ಪು ಸುಟ್ಟುಹೋಗುವುದಿತ್ತು. ಪರದೆಯೂ ದಿನ ಕಳೆದಂತೆ ಕಪ್ಪುಗಟ್ಟುತ್ತಿತ್ತು. ಯೋಚನೆ ಸರಿಯಿತ್ತು, ವಸ್ತು ಇನ್ನೂ ಮಾಗಿರಲಿಲ್ಲ.

ಯೊಕೊಯ್ ಹಿಡಿದ ದಾರಿ ಇದಕ್ಕೆ ತದ್ವಿರುದ್ಧ. ಒಂದು ದಿನ ಬುಲೆಟ್ ರೈಲಿನಲ್ಲಿ, ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದ ಉದ್ಯೋಗಸ್ಥರೊಬ್ಬರು ಹೊತ್ತು ಹೋಗದೆ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತಾ ಕೂತಿದ್ದನ್ನು ಕಂಡರಂತೆ. ದೊಡ್ಡವರೂ ಯಾರ ಕಣ್ಣಿಗೂ ಬೀಳದಂತೆ ಆಡಬಹುದಾದ ಸಣ್ಣ ಆಟವೊಂದಿದ್ದರೆ ಹೇಗೆ ಎಂದು ಹೊಳೆಯಿತು. ಕೆಲ ದಿನಗಳ ಮೇಲೆ ಯಮೌಚಿಯವರ ಕಾರಿನ ಚಾಲಕ ರಜೆ ಹಾಕಿದಾಗ ಸ್ಟಿಯರಿಂಗ್ ಯೊಕೊಯ್ ಕೈಗೆ ಬಂತು. ದಾರಿಯಲ್ಲಿ ಮಾತಿಗೆ ಮಾತು ಬರಲಿ ಎಂದು ಈ ವಿಷಯ ಎತ್ತಿದರು. ಅಧ್ಯಕ್ಷರು ಕೇಳಿಸಿಕೊಂಡಂತೆ ಕಾಣಲಿಲ್ಲ. ಆದರೆ ಅವರು ಹೋಗುತ್ತಿದ್ದ ಸಭೆಯಲ್ಲಿ ಅವರ ಪಕ್ಕದ ಕುರ್ಚಿ ಶಾರ್ಪ್ ಕಂಪನಿಯ ಹಿರಿಯರದು. ಒಂದು ವಾರದೊಳಗೆ ಶಾರ್ಪ್‌ನವರು ನಿಂಟೆಂಡೊ ಬಾಗಿಲಿಗೆ ಬಂದು ನಿಂತಿದ್ದರು. ಯೊಕೊಯ್ ಅವರೇ ಹೇಳಿಕೊಂಡ ಕಥೆ ಇದು. ಸ್ವಲ್ಪ ಉಪ್ಪುಖಾರ ಬಿದ್ದಿರಬಹುದು.

ಶಾರ್ಪ್‌ನವರಿಗೆ ಅಷ್ಟು ಆತುರವೇಕೆ? ಎಪ್ಪತ್ತರ ದಶಕದಲ್ಲಿ ಶಾರ್ಪ್, ಕ್ಯಾಸಿಯೊ ಮುಂತಾದ ಕಂಪನಿಗಳು ಕ್ಯಾಲ್ಕುಲೇಟರಿನ ಬೆಲೆಯನ್ನು ಪೈಪೋಟಿಯ ಮೇಲೆ ಇಳಿಸಿ ಇಳಿಸಿ ಪಾತಾಳ ಮುಟ್ಟಿಸಿದ್ದವು. ಎಲ್ಸಿಡಿ ಪರದೆ, ಗುಂಡಿಯಾಕಾರದ ಸಣ್ಣ ಸೆಲ್ಲು, ಅಗ್ಗದ ಚಿಪ್ಪು ರಾಶಿರಾಶಿ ತಯಾರಾಗುತ್ತಿದ್ದವು, ಕೊಳ್ಳುವವರು ಬೇಕಿತ್ತು. ಹಳತಾಗಿ ಅಗ್ಗವಾದ, ಗುಣದೋಷ ಎಲ್ಲರಿಗೂ ಗೊತ್ತಾದ ಸಾಮಾನನ್ನು ತೆಗೆದುಕೊಂಡು ಯಾರೂ ಯೋಚಿಸದ ಕೆಲಸಕ್ಕೆ ಹಚ್ಚಬೇಕು ಎನ್ನುವುದು ಯೊಕೊಯ್ ಕೊನೆಯವರೆಗೂ ಬಿಡದ ಸೂತ್ರ. 1980ರ ಏಪ್ರಿಲ್‌ನಲ್ಲಿ ‘ಗೇಮ್ ಅಂಡ್ ವಾಚ್’ ಸಾಲಿನ ಮೊದಲ ಆಟ ‘ಬಾಲ್’ ಬಂತು. ಆಡದಿದ್ದಾಗ ಅದು ಗಡಿಯಾರ.

ಅದು ಕೆಲಸ ಮಾಡುತ್ತಿದ್ದ ರೀತಿ ಚಂದ. ಕ್ಯಾಲ್ಕುಲೇಟರಿನಲ್ಲಿ ಒಂದು ಅಂಕಿ ಮೂಡುವುದು ಏಳು ಸಣ್ಣ ಗೀಟುಗಳಿಂದ. ಕೆಲವು ಕಪ್ಪಾದರೆ ಎರಡು, ಎಲ್ಲ ಕಪ್ಪಾದರೆ ಎಂಟು. ಗೇಮ್ ಅಂಡ್ ವಾಚ್‌ನಲ್ಲಿ ಗೀಟುಗಳ ಬದಲು ಗೊಂಬೆಯ ಕೈ, ಚೆಂಡು, ಕಾಲು ಎಲ್ಲವನ್ನೂ ಅವು ಎಲ್ಲೆಲ್ಲಿ ಬರಬೇಕೋ ಅಲ್ಲೆಲ್ಲ ಮೊದಲೇ ಅಚ್ಚು ಮಾಡಿಟ್ಟಿರುತ್ತಾರೆ. ಒಂದು ಚೆಂಡು ಅಳಿದು ಪಕ್ಕದ ಚೆಂಡು ಕಪ್ಪಾದರೆ ಚೆಂಡು ಸರಿದಂತೆ. ಯಂತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಆಟದ ಎಲ್ಲ ಕ್ಷಣಗಳೂ ಮಸಕು ನೆರಳಾಗಿ ಒಟ್ಟಿಗೇ ಕಾಣುತ್ತವೆ: ಒಂದೇ ಗೊಂಬೆಗೆ ಆರೆಂಟು ಕೈ, ಗಾಳಿಯಲ್ಲಿ ಹತ್ತಾರು ಚೆಂಡು.

1982ರಲ್ಲಿ ಇದೇ ಸಾಲಿನಲ್ಲಿ ಡಾಂಕಿ ಕಾಂಗ್ ಬಂತು. ಮಡಚುವ ಪೆಟ್ಟಿಗೆ, ಮೇಲೊಂದು ಕೆಳಗೊಂದು ಪರದೆ. ಆಟದಲ್ಲಿ ನಾಲ್ಕು ದಿಕ್ಕಿಗೂ ಓಡಬೇಕು. ಜಾಯ್‌ಸ್ಟಿಕ್ ಇಟ್ಟರೆ ಮುಚ್ಚಳ ಮುಚ್ಚುವುದಿಲ್ಲ. ನಾಲ್ಕು ಬಿಡಿ ಗುಂಡಿ ಇಟ್ಟರೆ ಯಾವುದು ಯಾವುದೆಂದು ಕೆಳಗೆ ನೋಡಬೇಕು, ನೋಡಿದ ಗಳಿಗೆಯಲ್ಲಿ ಆಟ ಸೋತಿರುತ್ತದೆ. ಯೊಕೊಯ್ ಅಧಿಕ ಚಿಹ್ನೆಯಂತೆ ಒಂದೇ ತುಂಡಿನ ಗುಂಡಿ ಮಾಡಿ ಎಡ ಹೆಬ್ಬೆರಳಿನ ಕೆಳಗಿಟ್ಟರು. ಒಂದು ತುದಿ ಒತ್ತಿದರೆ ಎದುರು ತುದಿ ಏಳುತ್ತದೆ. ಎಡ ಬಲ ಎರಡೂ ಒಟ್ಟಿಗೆ ಒತ್ತಿಹೋಗುವ ಭಯವಿಲ್ಲ. ನಡುವೆ ಬೆರಳಿಟ್ಟರೆ ನಾಲ್ಕು ದಿಕ್ಕೂ ಚರ್ಮಕ್ಕೇ ಗೊತ್ತಾಗುತ್ತದೆ. ಇವತ್ತಿಗೂ ಲೋಕದ ಹೆಚ್ಚುಕಡಿಮೆ ಯಾವುದೇ ಗೇಮ್ ಕಂಟ್ರೋಲರ್ ತೆಗೆದುಕೊಳ್ಳಿ, ಆ ಅಧಿಕ ಚಿಹ್ನೆ ಯಾವುದೋ ಒಂದು ರೂಪದಲ್ಲಿ ಇರುತ್ತದೆ. ಯೊಕೊಯ್ ಬೇರೇನೂ ಮಾಡದೆ ಇದೊಂದನ್ನೇ ಮಾಡಿದ್ದರೂ ಅವರ ಹೆಸರು ಉಳಿಯುತ್ತಿತ್ತು ಎಂದು ನನ್ನ ಎಣಿಕೆ.

ಗೇಮ್ ಅಂಡ್ ವಾಚ್ ಒಟ್ಟು ನಾಲ್ಕು ಕೋಟಿಗೂ ಹೆಚ್ಚು ಹೋಯಿತು. ಸೋವಿಯತ್ ಒಕ್ಕೂಟದವರೂ ನಕಲು ಮಾಡಿದರು: ಅಲ್ಲಿನ ಹೆಸರಾಂತ ಕಾರ್ಟೂನಿನ ತೋಳವೊಂದು ಕೋಳಿಗೂಡಿನಿಂದ ಉರುಳುವ ಮೊಟ್ಟೆಗಳನ್ನು ಬುಟ್ಟಿಯಲ್ಲಿ ಹಿಡಿಯುವ ಆಟ.

ಗೇಮ್ ಬಾಯ್ ಮಾಡುವ ಹೊತ್ತಿಗೆ ಯೊಕೊಯ್ ಜೊತೆಗಿದ್ದವರು ಸತೊರು ಒಕಾಡಾ. ಕಾರ್ಟ್ರಿಜ್ ಬದಲಾಯಿಸುವ, ವರ್ಷಗಟ್ಟಲೆ ಹೊಸ ಆಟ ಬರುತ್ತಿರುವ ಗಟ್ಟಿ ಯಂತ್ರವೇ ಆಗಬೇಕೆಂದು ಹಟ ಹಿಡಿದವರು ಅವರು. ಪರದೆ ಮತ್ತೆ ಶಾರ್ಪ್‌ನದೇ: ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆ. ಯಂತ್ರದೊಳಗಿನ ಕೆಲಸದ ಮೆಮೊರಿ 8 ಕಿಲೊಬೈಟ್. ಈ ಬರಹದ ಒಂದೆರಡು ಪುಟವನ್ನು ಕಂಪ್ಯೂಟರಿಗೆ ಹಾಕಿದರೆ ಅಷ್ಟು ಜಾಗ ತುಂಬಿಹೋಗುತ್ತದೆ. ಪರದೆಯ ಮೇಲೆ ವೇಗವಾಗಿ ಓಡುವುದೆಲ್ಲ ಹಿಂದೆ ಮಸಿ ಎಳೆದಂತೆ ಕಾಣುತ್ತಿತ್ತು. ಹಾಗಾಗಿ ವೇಗ ಬೇಡದ, ಬಣ್ಣ ಬೇಡದ, ಒಂದೇ ಪರದೆಯೊಳಗೆ ಮುಗಿಯುವ ಆಟವೊಂದು ಸಿಕ್ಕರೆ ಭಾಗ್ಯ.

ಅಂಥ ಆಟ ಮಾಸ್ಕೊದಲ್ಲಿತ್ತು. ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸಕ್ಕಿದ್ದ ಅಲೆಕ್ಸಿ ಪಜಿತ್ನೊವ್ 1984ರಲ್ಲಿ ಬರೆದಿದ್ದ ಟೆಟ್ರಿಸ್. ನಾಲ್ಕು ನಾಲ್ಕು ಚೌಕದ ಏಳು ಬಗೆಯ ತುಂಡುಗಳು ಮೇಲಿನಿಂದ ಬೀಳುತ್ತವೆ. ಸಾಲು ತುಂಬಿದರೆ ಮಾಯವಾಗುತ್ತದೆ. ಮೊದಲು ಬರೆದ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಅನುಕೂಲವೇ ಇರಲಿಲ್ಲ. ಅಕ್ಷರದ ಆವರಣ ಚಿಹ್ನೆಗಳನ್ನೇ ಜೋಡಿಸಿ ಚೌಕ ಮಾಡಿದ್ದರು. ಆಟ ಕೈಯಿಂದ ಕೈಗೆ ಹೋಗಿ ಯೂರೋಪು ತಲುಪಿತು, ಹಕ್ಕುಗಳ ಗೋಜಲೂ ಜೊತೆಗೇ ಬೆಳೆಯಿತು. 1989ರ ಫೆಬ್ರವರಿಯಲ್ಲಿ ಹೆಂಕ್ ರಾಜರ್ಸ್ ಎಂಬವರು ಪ್ರವಾಸಿ ವೀಸಾದ ಮೇಲೆ ಮಾಸ್ಕೊಗೆ ಹೋದರು. ಹುಟ್ಟಿದ್ದು ನೆದರ್‌ಲ್ಯಾಂಡ್ಸ್‌ನಲ್ಲಿ, ವ್ಯಾಪಾರ ಜಪಾನಿನಲ್ಲಿ. ಕರೆಯಿಲ್ಲದೆ, ಗುರುತಿಲ್ಲದೆ, ಸಾಫ್ಟ್‌ವೇರ್ ರಫ್ತು ನೋಡಿಕೊಳ್ಳುತ್ತಿದ್ದ ಸರ್ಕಾರಿ ಸಂಸ್ಥೆ ಎಲೊರ್ಗ್‌ನ ಬಾಗಿಲು ತಟ್ಟಿದರು. ಅದೇ ವಾರ ಬ್ರಿಟನ್ನಿನ ಪತ್ರಿಕಾ ದೊರೆ ರಾಬರ್ಟ್ ಮ್ಯಾಕ್ಸ್‌ವೆಲ್ ಮಗ ಕೆವಿನ್ ಕೂಡ ಅದೇ ಕಟ್ಟಡಕ್ಕೆ ಅದೇ ಕೆಲಸಕ್ಕೆ ಬಂದಿದ್ದ. ಕೈಯಂತ್ರದ ಹಕ್ಕು ರಾಜರ್ಸ್ ಮೂಲಕ ನಿಂಟೆಂಡೊಗೆ ದಕ್ಕಿತು. ಗೇಮ್ ಬಾಯ್ ಜೊತೆ ಮಾರಿಯೊ ಆಟವನ್ನು ಕೊಟ್ಟರೆ ಹುಡುಗರಷ್ಟೇ ಕೊಳ್ಳುತ್ತಾರೆ, ಟೆಟ್ರಿಸ್ ಕೊಟ್ಟರೆ ಮನೆಮಂದಿಯೆಲ್ಲ ಆಡುತ್ತಾರೆ ಎನ್ನುವುದು ರಾಜರ್ಸ್ ವಾದ. ಅಮೆರಿಕದಲ್ಲಿ ಟೆಟ್ರಿಸ್ ಡಬ್ಬಿಯೊಳಗೇ ಹೋಯಿತು. ಅಪ್ಪ, ಅಮ್ಮ, ಅಜ್ಜಿ ಎಲ್ಲರ ಕೈಗೂ ಗೇಮ್ ಬಾಯ್ ಬಂತು. 1993ರಲ್ಲಿ ರಷ್ಯದ ಗಗನಯಾನಿ ಅಲೆಕ್ಸಾಂಡರ್ ಸೆರೆಬ್ರೊವ್ ಅದನ್ನು ಮೀರ್ ನಿಲ್ದಾಣಕ್ಕೂ ಒಯ್ದರು. ಪಜಿತ್ನೊವ್ ಅವರಿಗೆ ಮಾತ್ರ ತಮ್ಮ ಆಟದ ರಾಯಧನ ಕಾಣಲು 1996ರವರೆಗೆ ಕಾಯಬೇಕಾಯಿತು. ನನಗೆ ಈ ಇಡೀ ಚರಿತ್ರೆಯಲ್ಲಿ ಕಸಿವಿಸಿಯಾಗುವ ಭಾಗ ಅದೊಂದೇ.

ಸೆಗಾ ಕಂಪನಿಯ ಗೇಮ್ ಗಿಯರ್ 1990ರಲ್ಲಿ ಬಂತು. ಬಣ್ಣ, ದೀಪ, ಮತ್ತೆ ಆರು ಸೆಲ್ಲು, ಮತ್ತೆ ನಾಲ್ಕೈದು ಗಂಟೆ. ಒಂದು ಕೋಟಿಯಷ್ಟು ಮಾರಾಟವಾಗಿ ನಿಂತಿತು.

1996ಕ್ಕೆ ಗೇಮ್ ಬಾಯ್‌ಗೆ ಏಳು ವರ್ಷ; ಮುದಿಯಾಯಿತು, ಇನ್ನೇನು ಮುಗಿಯಿತು ಎನ್ನುವಾಗ ಪೊಕೆಮಾನ್ ಬಂತು. ಅದನ್ನು ರೂಪಿಸಿದ ಸತೋಶಿ ತಾಜಿರಿ ಬಾಲ್ಯದಲ್ಲಿ ಟೋಕಿಯೊ ಹೊರವಲಯದ ಹೊಲ, ಕೆರೆಗಳಲ್ಲಿ ಹುಳು ಹಿಡಿದು ತಿರುಗಿದವರು. ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ಕೇಬಲ್ ಅಲ್ಲಿಯವರೆಗೆ ಬಹುಮಟ್ಟಿಗೆ ಪೈಪೋಟಿಯ ಆಟಕ್ಕೆ ಬಳಕೆಯಾಗುತ್ತಿತ್ತು. ಅದನ್ನು ಕಂಡ ತಾಜಿರಿಗೆ ಆ ತಂತಿಯ ಮೇಲೆ ಒಂದು ಹುಳು ಈಚೆಯಿಂದಾಚೆ ನಡೆದು ಹೋಗುವ ಚಿತ್ರ ಹೊಳೆಯಿತಂತೆ. ಪ್ರಾಣಿಗಳನ್ನು ಹಿಡಿದು ಕೂಡಿಸುವ ಆ ಆಟವನ್ನು ಕೆಂಪು, ಹಸಿರು ಎಂದು ಎರಡು ಬಗೆಯಲ್ಲಿ ಮಾರಿದರು. ಒಂದರಲ್ಲಿ ಸಿಗುವ ಕೆಲ ಪ್ರಾಣಿಗಳು ಇನ್ನೊಂದರಲ್ಲಿ ಸಿಗುವುದಿಲ್ಲ. ಎಲ್ಲವೂ ಬೇಕೆಂದರೆ ಗೆಳೆಯನನ್ನು ಹುಡುಕಿ ಬದಲಾಯಿಸಿಕೊಳ್ಳಲೇಬೇಕು. ಮುದಿಯಂತ್ರಕ್ಕೆ ಎರಡನೇ ಪ್ರಾಯ ಬಂತು.

ನಮ್ಮಲ್ಲಿ ನಡೆದದ್ದು ಬೇರೆ. ಕರ್ನಾಟಕದ ಹೆಚ್ಚಿನ ಮಕ್ಕಳಿಗೆ ಪೊಕೆಮಾನ್‌ನ ಪಿಕಾಚು ಪರಿಚಯವಾದದ್ದು ಟೀವಿಯಿಂದ, 2003ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಚಾನೆಲ್ಲಿನಲ್ಲಿ. ಪೊಕೆಮಾನ್ ಮೂಲದಲ್ಲಿ ಗೇಮ್ ಬಾಯ್ ಆಟವೆಂದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಗೊತ್ತಾದವರು ಆಮೇಲೆ ಕಂಪ್ಯೂಟರಿನಲ್ಲಿ ಗೇಮ್ ಬಾಯ್ ಅನ್ನು ಅನುಕರಿಸುವ ಎಮ್ಯುಲೇಟರ್ ಹಾಕಿಕೊಂಡು ಆಡಿದರು. ನಮ್ಮ ಕೈಗೆ ನಿಜವಾಗಿ ಬಂದದ್ದು ‘ಬ್ರಿಕ್ ಗೇಮ್’. ತೊಂಬತ್ತರ ದಶಕದಲ್ಲಿ ಜಾತ್ರೆಯ ಸಾಲಂಗಡಿಯಲ್ಲಿ, ಬಸ್ ನಿಲ್ದಾಣದ ಪಕ್ಕದ ಫ್ಯಾನ್ಸಿ ಸ್ಟೋರಿನಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ತೂಗುತ್ತಿದ್ದ ಚೀನಾ ಮಾಲು. ಮೇಲೆ ‘9999 ಇನ್ 1’ ಎಂದು ಹೆಮ್ಮೆಯ ಬರಹ. ಒಳಗೆ ನೋಡಿದರೆ ಟೆಟ್ರಿಸ್, ಹಾವು, ಕಾರು, ಟ್ಯಾಂಕು ಎಂದು ಹತ್ತಿಪ್ಪತ್ತು ಆಟ. ಅವನ್ನೇ ವೇಗ, ಹಂತ ಬದಲಿಸಿ ಎಣಿಸಿದರೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು! ಬಲಗಡೆ ದೊಡ್ಡ ಹಳದಿ ಗುಂಡಿ, ಎಷ್ಟು ತಗ್ಗಿಸಿದರೂ ಪಾಠದ ನಡುವೆ ಕೀಂಕೀಂ ಎಂದು ಗುಟ್ಟು ಬಿಡುತ್ತಿದ್ದ ಸದ್ದು. ಮಾಸ್ಕೊದ ಆಟ, ಕ್ಯೋಟೊದ ಸೂತ್ರ, ಯಾರ ಅಪ್ಪಣೆಯನ್ನೂ ಕೇಳದೆ ನಮ್ಮ ಜಾತ್ರೆಗಳಿಗೆ ಬಂದದ್ದು ಹೀಗೆ. ಪೇಟೆಂಟು, ರಾಯಧನದ ಮಾತು ಬಿಡಿ. ಅಗ್ಗದ ಸಾಮಾನನ್ನು ಇದಕ್ಕಿಂತ ಚೆನ್ನಾಗಿ ದುಡಿಸಿಕೊಂಡವರಿಲ್ಲ.

ಯೊಕೊಯ್ ತಮ್ಮ ಸೂತ್ರ ಕೈಕೊಟ್ಟಿದ್ದನ್ನೂ ಕಂಡರು. 1995ರ ವರ್ಚುವಲ್ ಬಾಯ್ ಕಣ್ಣಿಗೆ ಒತ್ತಿಕೊಂಡು ನೋಡುವ ಯಂತ್ರ. ಕಪ್ಪು ಹಿನ್ನೆಲೆಯಲ್ಲಿ ಕೆಂಪು ಗೆರೆಗಳಷ್ಟೇ ಮೂಡುತ್ತಿದ್ದವು, ತಲೆನೋವು ಬರುತ್ತಿತ್ತು. ಎಂಟು ಲಕ್ಷವೂ ಮಾರಾಟವಾಗಲಿಲ್ಲ. ಮರುವರ್ಷ ಅವರು ಕಂಪನಿ ಬಿಟ್ಟು ಕೋಟೊ ಎಂಬ ತಮ್ಮದೇ ಸಂಸ್ಥೆ ಕಟ್ಟಿ, ಬಂಡಾಯ್ ಕಂಪನಿಗಾಗಿ ವಂಡರ್‌ಸ್ವಾನ್ ಎಂಬ ಹೊಸ ಕೈಯಂತ್ರದ ಕೆಲಸಕ್ಕೆ ಕೂತರು. ಒಂದೇ ಸೆಲ್ಲಿನಲ್ಲಿ ಓಡುವ ಯಂತ್ರ! ಅದು ಅಂಗಡಿಗೆ ಬಂದದ್ದು 1999ರಲ್ಲಿ. ಅಷ್ಟರಲ್ಲಿ ಅವರಿರಲಿಲ್ಲ. 1997ರ ಅಕ್ಟೋಬರ್ 4ರಂದು ಹೆದ್ದಾರಿಯಲ್ಲಿ ಸಣ್ಣ ಅಪಘಾತವಾಗಿ, ಏನಾಗಿದೆ ನೋಡೋಣವೆಂದು ಕಾರಿನಿಂದ ಇಳಿದಾಗ ಇನ್ನೊಂದು ವಾಹನ ಬಂದು ಬಡಿಯಿತು. ಐವತ್ತಾರು ವಯಸ್ಸು.

ಅವರಿಲ್ಲದ ನಿಂಟೆಂಡೊ ಅವರ ಲೆಕ್ಕವನ್ನು ಬಿಡಲಿಲ್ಲ. ಬಣ್ಣ ತಂದದ್ದು 1998ರಲ್ಲಿ, ಆಗಲೂ ದೀಪವಿಲ್ಲದೆ. ದೀಪ ಮತ್ತು ಚಾರ್ಜ್ ಮಾಡುವ ಬ್ಯಾಟರಿ ಎರಡನ್ನೂ ಒಟ್ಟಿಗೆ ಲೋಕಕ್ಕೆಲ್ಲ ಕೊಟ್ಟದ್ದು 2003ರಲ್ಲಿ, ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿಯಲ್ಲಿ. ಅಂದರೆ ಲಿಂಕ್ಸ್ ಬಂದು ಹದಿನಾಲ್ಕು ವರ್ಷಕ್ಕೆ. ಅದೇ ವರ್ಷ ನೋಕಿಯಾ ಫೋನೂ ಗೇಮೂ ಒಂದೇ ಎಂದು ಎನ್-ಗೇಜ್ ತಂದಿತು. ಆಟ ಬದಲಾಯಿಸಲು ಬ್ಯಾಟರಿ ತೆಗೆಯಬೇಕು, ಮಾತಾಡಲು ಫೋನಿನ ಅಂಚನ್ನು ಕಿವಿಗೆ ಒತ್ತಬೇಕು. ಜನ ನಕ್ಕರು. ಇದೇ ನೋಕಿಯಾ 1997ರಲ್ಲೇ ತನ್ನ ಮಾಮೂಲಿ ಫೋನಿಗೆ ಹಾವಿನ ಆಟ ಹಾಕಿ, ಗೇಮ್ ಎಂದರೇನೆಂದು ಕೇಳದ ಕೋಟ್ಯಂತರ ಜನರನ್ನು, ನಮ್ಮೂರಿನ ಆಟೋ ಚಾಲಕರಿಂದ ಹಿಡಿದು ಬ್ಯಾಂಕ್ ಮ್ಯಾನೇಜರವರೆಗೆ, ಆಟಗಾರರನ್ನಾಗಿ ಮಾಡಿತ್ತಲ್ಲ!

2004ರ ಡಿಸೆಂಬರಿನಲ್ಲಿ ಸೋನಿಯ ಪಿಎಸ್‌ಪಿ ಜಪಾನಿನಲ್ಲಿ ಬಿಡುಗಡೆಯಾಯಿತು. ಅಗಲ ಪರದೆ, ಸಣ್ಣ ಡಿಸ್ಕಿನಲ್ಲಿ ಸಿನಿಮಾ, ಕೈಗೆ ತೆಗೆದುಕೊಂಡರೆ ಇಡಲು ಮನಸ್ಸಾಗದಷ್ಟು ಚೆಲುವು. ಎದುರಿಗೆ ನಿಂಟೆಂಡೊ ಡಿಎಸ್: ಮಡಚುವ ಪೆಟ್ಟಿಗೆ, ಎರಡು ಪರದೆ, ಒಂದರ ಮೇಲೆ ಕಡ್ಡಿಯಿಂದ ಬರೆಯಬಹುದು. ಎರಡು ಪರದೆ ಎಲ್ಲಿಂದ ಬಂತೆಂದು ಕೇಳುಗರಿಗೆ ಗೊತ್ತಿದೆ. ನರವಿಜ್ಞಾನಿ ರ‍್ಯೂತಾ ಕವಾಶಿಮಾ ಹೆಸರಿನಲ್ಲಿ ಬಂದ ಲೆಕ್ಕ, ಓದಿನ ಸಣ್ಣ ಕಸರತ್ತುಗಳ ಆಟವನ್ನು ಜಪಾನಿನ ಅಜ್ಜ ಅಜ್ಜಿಯರು ಕೊಂಡರು. ಪಿಎಸ್‌ಪಿ ಎಂಟು ಕೋಟಿ ದಾಟಿತು, ಸೋಲೆನ್ನುವಂತಿಲ್ಲ. ಡಿಎಸ್ ಹದಿನೈದು ಕೋಟಿ ದಾಟಿತು.

ಆಮೇಲೆ ಐಫೋನ್ ಬಂತು, 2008ರಲ್ಲಿ ಅದರ ಆ್ಯಪ್ ಅಂಗಡಿ ತೆರೆಯಿತು, ಪುಕ್ಕಟೆ ಆಟ ಎಲ್ಲರ ಜೇಬಿಗೂ ಬಂತು. 2011ರ ನಿಂಟೆಂಡೊ 3ಡಿಎಸ್ ಕನ್ನಡಕವಿಲ್ಲದೆ ಆಳ ತೋರಿಸುವ ಪರದೆಯೊಂದಿಗೆ ಬಂದು ಮುಗ್ಗರಿಸಿತು. ಆರು ತಿಂಗಳಾಗುವುದರೊಳಗೆ ಜಪಾನಿನಲ್ಲಿ ಬೆಲೆಯನ್ನು 25,000 ಯೆನ್‌ನಿಂದ 15,000ಕ್ಕೆ ಇಳಿಸಿದರು, ಅಧ್ಯಕ್ಷ ಸತೊರು ಇವಾಟಾ ತಮ್ಮ ಸಂಬಳವನ್ನು ಅರ್ಧ ಮಾಡಿಕೊಂಡರು. ಬೆಲೆ ಇಳಿದ ಮೇಲೆ ಅದು ಎದ್ದು ನಿಂತಿತು. ಸೋನಿಯ ಮುಂದಿನ ಕೈಯಂತ್ರ ವೀಟಾ ಏಳಲಿಲ್ಲ. ಕೈಯಂತ್ರದ ಕಾಲ ಮುಗಿಯಿತೆಂದು ಪತ್ರಿಕೆಗಳು ಬರೆದವು. 2017ರ ಮಾರ್ಚ್ 3ರಂದು ನಿಂಟೆಂಡೊದ ಸ್ವಿಚ್ ಬಂತು: ಮನೆಯಲ್ಲಿ ಟೀವಿಗೆ ಸಿಕ್ಕಿಸಿ, ಹೊರಟಾಗ ಎತ್ತಿಕೊಂಡು ಹೋಗಿ. ಒಳಗಿನ ಚಿಪ್ಪು ಎರಡು ವರ್ಷ ಹಿಂದೆಯೇ ಬೇರೆ ಸಾಧನಗಳಿಗೆ ಬಂದಿದ್ದ ಟೆಗ್ರಾ. ಅದೂ ಹದಿನೈದು ಕೋಟಿ ದಾಟಿದೆ.

2022ರಲ್ಲಿ ಎರಡು ಯಂತ್ರಗಳು ಬಂದವು. ಸ್ಟೀಮ್ ಡೆಕ್ ಇಡೀ ಕಂಪ್ಯೂಟರನ್ನೇ ಎರಡು ಕೈಯಲ್ಲಿ ಹಿಡಿಸಿತು. ತೂಕ ಮುಕ್ಕಾಲು ಕಿಲೊಗೆ ಸ್ವಲ್ಪ ಕಡಿಮೆ, ಮಲಗಿಕೊಂಡು ಆಡುವವರು ಮೂಗು ಜೋಪಾನ. ಇನ್ನೊಂದು ಪ್ಲೇಡೇಟ್, ಅಮೆರಿಕದ ಪ್ಯಾನಿಕ್ ಎಂಬ ಸಣ್ಣ ಕಂಪನಿಯದು, ಅಂಗೈಯಲ್ಲಿ ಅಡಗುವ ಹಳದಿ ಚೌಕ. ಪರದೆ ಶಾರ್ಪ್‌ನದು, ಬರೀ ಕಪ್ಪು ಬಿಳುಪು, ಹಿಂದೆ ದೀಪವಿಲ್ಲ. ಪಕ್ಕದಲ್ಲಿ ಮಡಚಿಟ್ಟುಕೊಳ್ಳುವ ಒಂದು ಪುಟ್ಟ ಹಿಡಿ ಇದೆ. ಅದನ್ನು ತಿರುಗಿಸಿದರೆ ಬ್ಯಾಟರಿ ಚಾರ್ಜ್ ಆಗುತ್ತದೆಯೇ ಎಂದು ನೋಡಿದವರೆಲ್ಲ ಮೊದಲು ಕೇಳುತ್ತಾರೆ. ಆಗುವುದಿಲ್ಲ, ಅದು ಇರುವುದು ಆಡಲಿಕ್ಕೆ.